ಊರಿನ ಕ್ರಿಕೆಟ್ ಸಂಘ ಮತ್ತು ಆಟಗಾರನ ನಿಷ್ಠೆ

(ನಮ್ಮ ದೇವಾಲಯದ ಶತಮಾನೋತ್ಸವದ ಅಂಗವಾಗಿ ಏರ್ಪಟ್ಟಿದ್ದ ಧರ್ಮಕೇಂದ್ರಗಳ ನಡುವಣ ಕ್ರಿಕೆಟ್ ಪಂದ್ಯಾವಳಿಯ ಬಹುಮಾನ ವಿತರಣಾ ಸಮಾರಂಭದಲ್ಲಿ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ಬಹುಮಾನಗಳನ್ನು ಕೊಟ್ಟಾಯಿತು. ಗೆದ್ದವರನ್ನು ಅಭಿನಂದಿಸಿದ್ದೇವೆ, ಸೋತವರಿಗೂ ಚಪ್ಪಾಳೆ ತಟ್ಟಿದ್ದೇವೆ. ಇನ್ನು ಮನೆಗೆ ಹೊರಡುವ ಹೊತ್ತು. ಇಂಥ ಸಮಯದಲ್ಲಿ ಉದ್ದನೆಯ ಭಾಷಣ ಯಾರಿಗೂ ಹಿತವಲ್ಲವೆಂಬುದನ್ನು ನಾನು ಬಲ್ಲೆ. ಆದರೂ ಸಮಿತಿಯವರು ನನ್ನನ್ನು ಎರಡು ಮಾತು ಆಡಲು ಕೇಳಿಕೊಂಡಾಗ ನಾನು ಕೂಡಲೇ ಒಪ್ಪಿಕೊಂಡೆ. ಅದಕ್ಕೆ ಕಾರಣವುಂಟು. ಈ ಆಟದ ಅಂಗಳದ ವಿಷಯದಲ್ಲಿ ನನ್ನಿಂದ ಒಂದು ತಪ್ಪು ನಡೆದುಹೋಗುವುದರಲ್ಲಿತ್ತು. ಅದನ್ನು ನಿಮ್ಮೆಲ್ಲರ ಮುಂದೆ ಹೇಳಿಕೊಳ್ಳಬೇಕೆಂಬ ಅಪೇಕ್ಷೆ ನನಗೆ ಬಹು ದಿನಗಳಿಂದ ಇತ್ತು.

ಶತಮಾನೋತ್ಸವದ ಸಿದ್ಧತೆಗಳು ಆರಂಭವಾದಾಗ, ದೇವಾಲಯದ ಹಿಂದಿರುವ ಈ ಮೈದಾನದಲ್ಲಿ ಒಂದು ಸಮುದಾಯ ಭವನವನ್ನೂ ರಸ್ತೆಯ ಬದಿಗೆ ನಾಲ್ಕಾರು ಮಳಿಗೆಗಳನ್ನೂ ಕಟ್ಟಬಹುದೆಂಬ ಸಲಹೆಯನ್ನು ಪಾಲನಾ ಪರಿಷತ್ತಿನ ಮುಂದೆ ಇಟ್ಟವನು ನಾನೇ. ಭವನ ನಮಗೆ ಬೇಕಾಗಿತ್ತು. ಮದುವೆಗೂ ಸಾವಿಗೂ ನಾಲ್ಕು ಜನ ನೆರಳಿನಲ್ಲಿ ಕುಳಿತುಕೊಳ್ಳಲು ಸ್ಥಳವಿಲ್ಲ ಎಂಬುದು ಹಿರಿಯರ ಹಳೆಯ ಕೊರಗು. ಮಳಿಗೆಗಳ ಬಾಡಿಗೆಯಿಂದ ಶಾಲೆಯ ಖರ್ಚು ಸಾಗುತ್ತದೆಂಬ ಲೆಕ್ಕವೂ ಇತ್ತು. "ಮೈದಾನ ಬಹುಮಟ್ಟಿಗೆ ಖಾಲಿ ಬಿದ್ದಿರುತ್ತದೆ, ಅಲ್ಲಿ ಆಡುವವರು ಯಾರಿದ್ದಾರೆ?" ಎಂದು ನಾನು ಆ ಸಭೆಯಲ್ಲಿ ಕೇಳಿದೆ. ಯಾರೂ ಉತ್ತರ ಕೊಡಲಿಲ್ಲ. ಉತ್ತರ ಕೊಡಬೇಕಾದ ಯುವಕರು ಆ ಸಭೆಗೆ ಬಂದೇ ಇರಲಿಲ್ಲ.

ಅದಾದ ಕೆಲವು ವಾರಗಳಿಗೆ ಒಂದು ಭಾನುವಾರ ಮಧ್ಯಾಹ್ನ ಇಲ್ಲಿ ಒಂದು ಪಂದ್ಯ ಗೊತ್ತಾಗಿತ್ತು. ಸುಮಾರು ಮೂವತ್ತು ಮೈಲಿ ದೂರದಿಂದ ಎದುರಾಳಿ ತಂಡ ಬಾಡಿಗೆಯ ಟೆಂಪೊ ಮಾಡಿಕೊಂಡು ಹೊತ್ತಿಗೆ ಸರಿಯಾಗಿ ಬಂದಿತು. ಹನ್ನೊಂದು ಜನ, ಜೊತೆಗೆ ಸ್ಕೋರು ಬರೆಯುವವನೊಬ್ಬ. ನಮ್ಮ ಕಡೆ ಏಳು ಮಂದಿ ಇದ್ದರು. ನಮ್ಮ ನಾಯಕ ಗುರುನಿವಾಸದ ಜಗಲಿಯ ಮೇಲೆ ನಿಂತು ಒಬ್ಬೊಬ್ಬರಿಗೂ ಫೋನು ಮಾಡುತ್ತಿದ್ದ. ಒಬ್ಬನಿಗೆ ನೆಂಟರ ಮನೆಯ ಊಟ, ಇನ್ನೊಬ್ಬನಿಗೆ ತಲೆನೋವು, ಮತ್ತೊಬ್ಬ ಫೋನು ಎತ್ತಲೇ ಇಲ್ಲ, ನಾಲ್ಕನೆಯವನು "ಇಗೋ ಹೊರಟೆ" ಎಂದವನು ಸಂಜೆಯವರೆಗೂ ಬರಲಿಲ್ಲ. ಹುಡುಗನ ಮುಖ ನೋಡಲಾಗುತ್ತಿರಲಿಲ್ಲ. ಆಗ ಎದುರಾಳಿ ತಂಡದವರೇ ತಮ್ಮಲ್ಲಿ ಇಬ್ಬರನ್ನು ನಮಗೆ ಕ್ಷೇತ್ರರಕ್ಷಣೆಗೆ ಬಿಟ್ಟುಕೊಟ್ಟರು. ಜ್ಞಾನೋಪದೇಶದ ತರಗತಿ ಮುಗಿಸಿ ಬೇಲಿಯ ಬಳಿ ನಿಂತಿದ್ದ ಇಬ್ಬರು ಬಾಲಕರನ್ನು ಕರೆದು ನಿಲ್ಲಿಸಿದರು. ಹೀಗೆ ಹೇಗೋ ಆಟ ನಡೆಯಿತು.

ಸಂಜೆ ಚಹ ಕುಡಿಯುವಾಗ ಆ ತಂಡದ ಹಿರಿಯರೊಬ್ಬರು ನನ್ನ ಬಳಿ ಬಂದು ಹೀಗೆಂದರು: "ಸ್ವಾಮಿಯವರೇ, ನಾವು ಆಡುತ್ತಿದ್ದ ಜಾಗ ಈಗ ಬಡಾವಣೆಯಾಗಿದೆ. ನಮ್ಮ ಹುಡುಗರು ಆಡಬೇಕಾದರೆ ಪ್ರತಿ ಸಲವೂ ಊರು ಬಿಟ್ಟು ಬರಬೇಕು. ನಮ್ಮಲ್ಲಿ ಆಟಗಾರರಿದ್ದಾರೆ, ಅಂಗಳವಿಲ್ಲ. ನಿಮ್ಮಲ್ಲಿ ಅಂಗಳವಿದೆ." ಅವರು ವಾಕ್ಯವನ್ನು ಅಲ್ಲಿಗೇ ನಿಲ್ಲಿಸಿದರು. ಮುಂದಿನದನ್ನು ಹೇಳದೆ ಬಿಟ್ಟದ್ದು ಅವರ ಸೌಜನ್ಯ.

ಆ ರಾತ್ರಿ ನನಗೆ ಸ್ಪಷ್ಟವಾದ ಸಂಗತಿಯೆಂದರೆ, ಇಲ್ಲಿ ಎರಡು ತಪ್ಪುಗಳು ಒಂದಕ್ಕೊಂದು ಗೊಬ್ಬರವಾಗಿದ್ದವು. ಯುವಕರು ಬರುವುದಿಲ್ಲವೆಂದು ಹಿರಿಯರಾದ ನಾವು ಮೈದಾನವನ್ನು ಬೇರೆ ಕೆಲಸಕ್ಕೆ ತೆಗೆದುಕೊಳ್ಳಲು ಯೋಚಿಸಿದೆವು. ಹಿರಿಯರಿಗೆ ಆಟದಲ್ಲಿ ಆಸಕ್ತಿಯಿಲ್ಲವೆಂದು ಯುವಕರು ಬರುವುದನ್ನು ಬಿಟ್ಟರು. ಮೈದಾನವೊಂದು ಕಣ್ಮರೆಯಾಗುವುದು ಕಟ್ಟಡದ ಅಡಿಗಲ್ಲು ಬಿದ್ದ ದಿನವಲ್ಲ. ಹನ್ನೊಂದರಲ್ಲಿ ನಾಲ್ವರು ಕಾರಣ ಹೇಳಿ ಮನೆಯಲ್ಲಿ ಉಳಿದ ಭಾನುವಾರದಿಂದಲೇ ಅದು ಕಣ್ಮರೆಯಾಗತೊಡಗುತ್ತದೆ.

ಆದುದರಿಂದ ಇಂದು ಊರಿನ ಕ್ರಿಕೆಟ್ ಸಂಘವೆಂದರೇನು, ಅದು ಯಾವುದರಿಂದ ಬದುಕುತ್ತದೆ, ಆಟಗಾರನ ನಿಷ್ಠೆ ಎಂಬುದರ ಅರ್ಥವೇನು ಎಂಬುದನ್ನು ಕುರಿತು ನಾನು ಕಂಡಷ್ಟನ್ನು ಹೇಳುತ್ತೇನೆ.

ನಮ್ಮ ನಾಡಿನಲ್ಲಿ ಕ್ರಿಕೆಟ್ ಬೆಳೆದ ಬಗೆಯನ್ನು ಮೊದಲು ನೆನೆಯೋಣ. ಮೈಸೂರು ರಾಜ್ಯ ಕ್ರಿಕೆಟ್ ಸಂಸ್ಥೆ 1933ರಲ್ಲಿ ಸ್ಥಾಪಿತವಾಯಿತು. ಬೆಂಗಳೂರಿನ ಈಗಿನ ಕ್ರೀಡಾಂಗಣಕ್ಕೆ ಅಸ್ತಿಭಾರ ಬಿದ್ದದ್ದು 1970ರಲ್ಲಿ. ಅಲ್ಲಿ ಮೊದಲ ಟೆಸ್ಟ್ ಪಂದ್ಯ ನಡೆದದ್ದು 1974ರ ನವೆಂಬರ್ ತಿಂಗಳಲ್ಲಿ, ವೆಸ್ಟ್ ಇಂಡೀಸ್ ತಂಡದ ಎದುರು. ಅದಕ್ಕೆ ಮೊದಲಿನ ಅಷ್ಟು ವರ್ಷ ನಮ್ಮ ರಾಜ್ಯ ತಂಡಕ್ಕೆ ಸ್ವಂತದ ದೊಡ್ಡ ಕ್ರೀಡಾಂಗಣವಿರಲಿಲ್ಲ. ಸೆಂಟ್ರಲ್ ಕಾಲೇಜಿನ ಮೈದಾನದಲ್ಲಿ ಆಡುತ್ತಿದ್ದರು. ಆದರೆ ಸಂಘಗಳಿದ್ದವು. ಸ್ವಸ್ತಿಕ್ ಯೂನಿಯನ್, ಫ್ರೆಂಡ್ಸ್ ಯೂನಿಯನ್, ಸಿಟಿ ಕ್ರಿಕೆಟರ್ಸ್, ಜವಾಹರ್ ಮೊದಲಾದ ಸಂಘಗಳ ಹೆಸರನ್ನು ಬೆಂಗಳೂರಿನ ಹಳಬರು ಈಗಲೂ ಆದರದಿಂದ ಹೇಳುತ್ತಾರೆ. ಕಚೇರಿಯಲ್ಲಿ ಗುಮಾಸ್ತಿಕೆ ಮಾಡುವವರು, ಬ್ಯಾಂಕಿನವರು, ವಿದ್ಯಾರ್ಥಿಗಳು, ಅಂಗಡಿಯವರು ರಜೆಯ ದಿನ ಸೇರಿ ತೆಂಗಿನ ನಾರಿನ ಚಾಪೆ ಹಾಸಿ ಆಡುತ್ತಿದ್ದರು. ಚಾಪೆಯನ್ನು ಹೊತ್ತು ತಂದು, ನಾಲ್ಕು ಕಡೆ ಎಳೆದು, ಮೊಳೆ ಹೊಡೆಯುವುದು ಆಟದ ಮೊದಲ ಕೆಲಸ. ಅದನ್ನು ಆಟಗಾರರೇ ಮಾಡುತ್ತಿದ್ದರು.

ಇಂಥ ನೆಲದಿಂದ ಎದ್ದವರು 1973-74ರ ಋತುವಿನಲ್ಲಿ ಏನು ಮಾಡಿದರೆಂಬುದು ನಿಮ್ಮಲ್ಲಿ ಹಿರಿಯರಿಗೆ ನೆನಪಿರಬಹುದು. ಮುಂಬಯಿ ತಂಡ ಅದಕ್ಕೆ ಹಿಂದಿನ 15 ವರ್ಷಗಳ ಕಾಲ ಸತತವಾಗಿ ರಣಜಿ ಟ್ರೋಫಿಯನ್ನು ಗೆದ್ದಿತ್ತು. ಪ್ರಸನ್ನರ ನಾಯಕತ್ವದ ಕರ್ನಾಟಕ ತಂಡ ಬೆಂಗಳೂರಿನಲ್ಲಿ ನಡೆದ ಉಪಾಂತ್ಯ ಪಂದ್ಯದಲ್ಲಿ ಆ ತಂಡವನ್ನು ಹಿಂದಿಕ್ಕಿ, ಮುಂದೆ ರಾಜಸ್ಥಾನವನ್ನು ಸೋಲಿಸಿ ಮೊಟ್ಟಮೊದಲ ಬಾರಿಗೆ ಟ್ರೋಫಿಯನ್ನು ತನ್ನದಾಗಿಸಿಕೊಂಡಿತು. ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದದ್ದು 1973ರ ನವೆಂಬರ್ ಒಂದರಂದು; ಆ ಹೆಸರಿನ ಮೊದಲ ವರ್ಷದಲ್ಲೇ ಈ ಗೌರವ ಬಂದಿತು. ಆ ತಂಡದ ಜಿ. ಆರ್. ವಿಶ್ವನಾಥ್ ಭದ್ರಾವತಿಯವರು. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ತಮ್ಮ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಸೊನ್ನೆಗೆ ಔಟಾಗಿ, ಎರಡನೆಯ ಸರದಿಯಲ್ಲಿ 137 ಓಟಗಳನ್ನು ಗಳಿಸಿದವರು. ಬಿ. ಎಸ್. ಚಂದ್ರಶೇಖರ್ ಅವರ ಬಲಗೈ ಬಾಲ್ಯದಲ್ಲಿ ಪೋಲಿಯೋ ತಗುಲಿ ಸೊರಗಿತ್ತು. ಅದೇ ಕೈಯಿಂದ ಅವರು 1971ರಲ್ಲಿ ಓವಲ್ ಮೈದಾನದಲ್ಲಿ 38 ಓಟಗಳಿಗೆ 6 ಹುದ್ದರಿಗಳನ್ನು ಉರುಳಿಸಿದರು. ಇಂಗ್ಲೆಂಡಿನ ನೆಲದಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವು ದೊರೆತದ್ದು ಆಗ. ಅಂಥ ಕೈಯುಳ್ಳ ಹುಡುಗನೊಬ್ಬ ಇಂದು ನಮ್ಮ ಬೇಲಿಯ ಬಳಿ ಬಂದು ನಿಂತರೆ, "ನೀನು ಬಾ, ಚೆಂಡು ಹಿಡಿ" ಎಂದು ನಾವು ಕರೆಯುತ್ತೇವೆಯೆ? ಈ ಪ್ರಶ್ನೆಯನ್ನು ಪ್ರತಿಯೊಬ್ಬ ನಾಯಕನೂ ತನಗೆ ತಾನೇ ಹಾಕಿಕೊಳ್ಳಬೇಕು.

ಆಟ ಬೆಂಗಳೂರಿನ ಸ್ವತ್ತೆಂದು ಭಾವಿಸಬೇಕಾಗಿಲ್ಲ. ಗದಗಿನ ಸುನಿಲ್ ಜೋಶಿ ಬಾಲಕನಾಗಿದ್ದಾಗ ಬೆಳಗಿನ ರೈಲು ಹತ್ತಿ ಸುಮಾರು 60 ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ವೇಳೆಗೆ ಗದಗಿಗೆ ಹಿಂತಿರುಗುತ್ತಿದ್ದರು. ಅವರೇ ಮುಂದೆ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ 10 ಓವರ್‌ಗಳಲ್ಲಿ ಕೇವಲ 6 ಓಟ ಕೊಟ್ಟು 5 ಹುದ್ದರಿ ಪಡೆದರು. ದಾವಣಗೆರೆಯ ಆಟೋರಿಕ್ಷಾ ಚಾಲಕರೊಬ್ಬರ ಮಗ ವಿನಯ್ ಕುಮಾರ್ 2013-14 ಮತ್ತು 2014-15ರಲ್ಲಿ ಕರ್ನಾಟಕವನ್ನು ಸತತ ಎರಡು ಬಾರಿ ರಣಜಿ ಗೆಲುವಿಗೆ ನಡೆಸಿದರು. ಕಡೂರಿನ ವೇದಾ ಕೃಷ್ಣಮೂರ್ತಿ, ವಿಜಯಪುರದ ರಾಜೇಶ್ವರಿ ಗಾಯಕವಾಡ್ ಇಬ್ಬರೂ 2017ರ ವಿಶ್ವಕಪ್ಪಿನಲ್ಲಿ ಭಾರತ ಅಂತಿಮ ಪಂದ್ಯ ತಲಪಿದಾಗ ತಂಡದಲ್ಲಿದ್ದವರು. ಇವರೆಲ್ಲರ ಪ್ರತಿಭೆ ದೇವರು ಕೊಟ್ಟದ್ದು, ನಿಜ. ಆದರೆ ಬೆಳಗ್ಗೆ ಮೈದಾನದ ಬಾಗಿಲು ತೆರೆದವನೊಬ್ಬ, ಚೆಂಡು ಎಸೆದುಕೊಟ್ಟವನೊಬ್ಬ, ಎದುರಿಗೆ ನಿಂತು ಆಡಿದ ಇಪ್ಪತ್ತೊಂದು ಜನ ಇರದಿದ್ದರೆ ಆ ಪ್ರತಿಭೆ ಯಾರ ಕಣ್ಣಿಗೆ ಬೀಳುತ್ತಿತ್ತು? ಆ ಜನರ ಹೆಸರು ಎಲ್ಲಿಯೂ ಅಚ್ಚಾಗಿಲ್ಲ. ಊರಿನ ಸಂಘವೆಂದರೆ ಆ ಜನವೇ.

ಈಗ ನಿಷ್ಠೆಯ ಮಾತಿಗೆ ಬರುತ್ತೇನೆ. ನಿಷ್ಠೆ ಎಂದ ಕೂಡಲೇ ನಮ್ಮ ಹುಡುಗರು ಅನಿಲ್ ಕುಂಬ್ಳೆಯವರನ್ನು ನೆನೆಯುತ್ತಾರೆ. 2002ರಲ್ಲಿ ಆಂಟಿಗುವದಲ್ಲಿ ದವಡೆ ಮುರಿದಿದ್ದರೂ ಮುಖಕ್ಕೆ ಪಟ್ಟಿ ಕಟ್ಟಿಕೊಂಡು 14 ಓವರ್ ಎಸೆದು ಬ್ರಯನ್ ಲಾರಾ ಅವರನ್ನು ಔಟ್ ಮಾಡಿದ ಪ್ರಸಂಗ ಅದು. ಆ ಧೈರ್ಯ ದೊಡ್ಡದು. ಆದರೆ ಪ್ರಿಯ ಯುವಕರೇ, ಮುರಿದ ದವಡೆಯಲ್ಲಿ ಬಂದು ಆಡಬೇಕೆಂದು ನಮ್ಮ ಸಂಘ ನಿಮ್ಮನ್ನು ಕೇಳುತ್ತಿಲ್ಲ. ಭಾನುವಾರ ಬರಲಾಗದಿದ್ದರೆ ಗುರುವಾರವೇ ಒಂದು ಮಾತು ತಿಳಿಸಿ ಎಂದಷ್ಟೇ ಕೇಳುತ್ತಿದೆ. ವೀರನಾಗುವ ಸಂದರ್ಭ ಜೀವನದಲ್ಲಿ ಒಂದೆರಡು ಸಲ ಬರಬಹುದು. ಮಾತಿಗೆ ತಪ್ಪದಿರುವ ಸಂದರ್ಭ ವಾರಕ್ಕೊಮ್ಮೆ ಬರುತ್ತದೆ.

ಈ ಆಟದ ಸ್ವರೂಪವನ್ನು ಸ್ವಲ್ಪ ಯೋಚಿಸಿ ನೋಡಿ. ನಲವತ್ತು ಓವರ್‌ಗಳ ಪಂದ್ಯದಲ್ಲಿ ಕ್ಷೇತ್ರರಕ್ಷಣೆಗೆ ನಿಂತ ತಂಡ 240 ಚೆಂಡುಗಳನ್ನು ಎಸೆಯಬೇಕು. ಒಬ್ಬ ಎಸೆಯುತ್ತಾನೆ, ಒಬ್ಬ ಗೂಟದ ಹಿಂದೆ ನಿಲ್ಲುತ್ತಾನೆ, ಉಳಿದ ಒಂಬತ್ತು ಜನ ತಮ್ಮ ಬಳಿಗೆ ಚೆಂಡು ಬರಲಿ ಬಾರದಿರಲಿ 240 ಸಲವೂ ಸಿದ್ಧರಾಗಿ ನಿಲ್ಲಬೇಕು. ದಾಂಡು ಹಿಡಿಯುವಾಗಲಾದರೂ ಅಂಗಳದಲ್ಲಿ ಇಬ್ಬರೇ. ಒಂಬತ್ತು ಜನ ಮರದ ನೆರಳಿನಲ್ಲಿ ಕಾಯುತ್ತಾರೆ. ಅಂದರೆ ಕ್ರಿಕೆಟ್ ಆಡುವುದರಲ್ಲಿ ಬಹುಭಾಗ ಇನ್ನೊಬ್ಬನ ಸಲುವಾಗಿ ಕಾಯುವುದು ಮತ್ತು ಓಡುವುದು. ತನಗೆ ದಾಂಡು ಸಿಗುವ ಅರ್ಧ ಗಂಟೆಗಾಗಿ ಮಾತ್ರ ಬರುವವನಿಗೆ ಈ ಆಟ ಬೇಗನೆ ಬೇಸರವಾಗುತ್ತದೆ. ಉಳಿದ ಐದು ಗಂಟೆಯನ್ನೂ ಆಟವೆಂದು ತಿಳಿದವನೇ ಸಂಘವನ್ನು ಉಳಿಸುವವನು.

ಹಾಗೆಂದು ಯುವಕರನ್ನು ಮಾತ್ರ ದೂರುವುದು ನ್ಯಾಯವಲ್ಲ. ನಮ್ಮ ಕಾಲದ ಭಾನುವಾರ ಈಗಿನ ಭಾನುವಾರವಲ್ಲ. ಕಾರ್ಖಾನೆಯಲ್ಲಿ ಪಾಳಿಯ ಕೆಲಸ, ಮನೆಮನೆಗೆ ಸಾಮಾನು ತಲುಪಿಸುವ ಕೆಲಸ, ಸ್ಪರ್ಧಾ ಪರೀಕ್ಷೆಯ ತರಬೇತಿ, ಬೆಂಗಳೂರಿಗೆ ಹೋಗಿ ಬರುವ ಬಸ್ಸಿನ ಪ್ರಯಾಣ, ಇವೆಲ್ಲದರ ನಡುವೆ ಹುಡುಗನೊಬ್ಬ ಇಡೀ ದಿನವನ್ನು ಮೈದಾನಕ್ಕೆ ಕೊಡುವುದು ಸುಲಭವಲ್ಲ. ಆದ್ದರಿಂದ ಸಂಘವೂ ತನ್ನ ನಡೆಯನ್ನು ತಿದ್ದಿಕೊಳ್ಳಬೇಕು. ವರ್ಷಕ್ಕೆ ನಲವತ್ತು ಪಂದ್ಯ ಗೊತ್ತುಮಾಡಿ ಇಪ್ಪತ್ತನ್ನು ರದ್ದುಮಾಡುವುದಕ್ಕಿಂತ, ಹದಿನೈದು ಪಂದ್ಯ ಗೊತ್ತುಮಾಡಿ ಹದಿನೈದನ್ನೂ ಆಡುವುದು ಮೇಲು. ದಿನಾಂಕಗಳನ್ನು ಮೂರು ತಿಂಗಳು ಮುಂಚೆಯೇ ದೇವಾಲಯದ ಫಲಕದಲ್ಲಿ ಬರೆದು ಹಾಕಿದರೆ, ಮನೆಯವರೂ ಅದಕ್ಕೆ ತಕ್ಕಂತೆ ತಮ್ಮ ಕಾರ್ಯಗಳನ್ನು ಹೊಂದಿಸಿಕೊಳ್ಳುತ್ತಾರೆ. ಹನ್ನೊಂದು ಜನರಿಗೆ ಪಂದ್ಯ ಆಡಿಸುವ ಸಂಘದಲ್ಲಿ ಕನಿಷ್ಠ ಹದಿನೆಂಟು ಹೆಸರಾದರೂ ಇರಬೇಕು. ಆದರೆ ಹದಿನೆಂಟು ಜನರಲ್ಲಿ ಯಾರಿಗೂ ತಾನು ಬೇಡವಾದವನೆಂಬ ಭಾವನೆ ಬರಬಾರದು. ಇಲ್ಲಿಯೇ ನಾಯಕನ ಪರೀಕ್ಷೆ ಇರುವುದು.

ನಾನು ಗಮನಿಸಿದ ಒಂದು ಸಂಗತಿಯನ್ನು ಹೇಳುತ್ತೇನೆ. ಹದಿನಾರು ವರ್ಷದ ಹುಡುಗನೊಬ್ಬ ಒಂದು ಇಡೀ ಋತು ಪ್ರತಿ ಶನಿವಾರ ಅಭ್ಯಾಸಕ್ಕೆ ಬಂದ. ಚಾಪೆ ಹಾಸಿದ, ನೀರು ಹೊತ್ತ, ರೋಲರು ಎಳೆದ. ಪಂದ್ಯದ ದಿನ ಅವನನ್ನು ಹನ್ನೊಂದನೆಯವನಾಗಿ ಹಾಕುತ್ತಿದ್ದರು. ಅವನಿಗೆ ಚೆಂಡು ಎಸೆಯಲು ಕೊಡಲಿಲ್ಲ, ದಾಂಡು ಹಿಡಿಯುವ ಸರದಿ ಅಪರೂಪಕ್ಕೆ ಬಂದಿತು. ಅಭ್ಯಾಸಕ್ಕೆ ಒಮ್ಮೆಯೂ ಬಾರದ ಪ್ರತಿಭಾವಂತನೊಬ್ಬ ಪಂದ್ಯದ ಬೆಳಗ್ಗೆ ಮೋಟಾರುಸೈಕಲಿನಲ್ಲಿ ಬಂದಿಳಿದರೆ, ಈ ಹುಡುಗನನ್ನೇ ಹೊರಗೆ ಕೂರಿಸುತ್ತಿದ್ದರು. ಮುಂದಿನ ವರ್ಷ ಅವನು ಬರಲಿಲ್ಲ. ಯಾರೂ ಅವನ ಮನೆಗೆ ಹೋಗಿ ಕೇಳಲೂ ಇಲ್ಲ. ನಿಷ್ಠೆಯನ್ನು ನಾವು ಆಟಗಾರನಿಂದ ಬೇಡುತ್ತೇವೆ. ಆದರೆ ನಿಷ್ಠೆ ತೋರಿದವನಿಗೆ ಸಂಘ ಏನು ಕೊಟ್ಟಿತು? ಬಂದವನಿಗೆ ಮನ್ನಣೆಯಿಲ್ಲದ ಕಡೆ ಬಾರದಿರುವುದೇ ಜಾಣತನವೆಂದು ಎಲ್ಲರೂ ಕಲಿಯುತ್ತಾರೆ.

ಇನ್ನೊಂದು ವಿಷಯವನ್ನೂ ಮುಚ್ಚಿಡಬಾರದು. ಟೆನಿಸ್ ಚೆಂಡಿನ ಪಂದ್ಯಾವಳಿಗಳು ಈಗ ಊರೂರಿನಲ್ಲಿ ರಾತ್ರಿಯ ದೀಪಗಳ ಕೆಳಗೆ ನಡೆಯುತ್ತವೆ, ದೊಡ್ಡ ನಗದು ಬಹುಮಾನಗಳೂ ಇರುತ್ತವೆ. ಕಪ್ಪು ಗೆಲ್ಲುವ ಆಸೆಗೆ ಹೊರಗಿನ ಊರುಗಳಿಂದ ಆಟಗಾರರನ್ನು ಹಣ ಕೊಟ್ಟು ಕರೆತರುವ ಪದ್ಧತಿ ಬೆಳೆದಿದೆ. ನಮ್ಮ ತಂಡವೂ ಒಮ್ಮೆ ಹಾಗೆ ಐವರನ್ನು ಕರೆತಂದು ಕಪ್ಪು ಗೆದ್ದಿತು. ಆ ಹಣಕ್ಕೆ ಚಂದಾ ಎತ್ತಿದವರಲ್ಲಿ ನಾನೂ ಒಬ್ಬ. ಕಪ್ಪು ಈಗಲೂ ಗುರುನಿವಾಸದ ಕಪಾಟಿನಲ್ಲಿದೆ. ಆದರೆ ಅಂದು ಹೊರಗೆ ಕುಳಿತ ಐವರು ನಮ್ಮ ಹುಡುಗರಲ್ಲಿ ಇಂದು ಇಬ್ಬರು ಮಾತ್ರ ಆಡುತ್ತಿದ್ದಾರೆ. ಆ ಕಪ್ಪಿಗೆ ನಾವು ತೆತ್ತ ಬೆಲೆ ಮೂವರು ಆಟಗಾರರು. ಈ ಶತಮಾನೋತ್ಸವ ಪಂದ್ಯಾವಳಿಯಲ್ಲಿ ಆಯಾ ಧರ್ಮಕೇಂದ್ರದ ಊರಿನಲ್ಲಿ ವಾಸವಾಗಿರುವವರೇ ಆಡಬೇಕೆಂಬ ನಿಯಮ ಮಾಡಿದ್ದು ಈ ಕಾರಣದಿಂದ. ಕೆಲವರಿಗೆ ಅದು ರುಚಿಸಲಿಲ್ಲ. ಆದರೆ ನಿನ್ನೆ ಇಂದು ನೀವು ಕಂಡ ಆಟ, ತಪ್ಪುಗಳು ಎಷ್ಟೇ ಇರಲಿ, ನಮ್ಮದೇ ಆಟ.

ಟೆನಿಸ್ ಚೆಂಡನ್ನು ನಾನು ಹೀಗಳೆಯುತ್ತಿಲ್ಲ. ಬಡವನಿಗೂ ಆಟದ ಬಾಗಿಲನ್ನು ತೆರೆದದ್ದು ಅದೇ. ಒಂದು ದಾಂಡು, ಒಂದು ಚೆಂಡು ಇದ್ದರೆ ಓಣಿಯೇ ಅಂಗಳ. ಆದರೆ ಆ ಬಾಗಿಲಿನ ಒಳಗೆ ಇನ್ನೊಂದು ಕೋಣೆಯಿದೆ ಎಂಬುದನ್ನು ನಮ್ಮ ಮಕ್ಕಳಿಗೆ ತೋರಿಸಬೇಕು. ರಾಜ್ಯ ಸಂಸ್ಥೆಯ ಲೀಗ್ ಪಂದ್ಯಗಳೆಲ್ಲ ತೊಗಲಿನ ಚೆಂಡಿನವು. ಬೆಂಗಳೂರಲ್ಲದೆ ಮೈಸೂರು, ಶಿವಮೊಗ್ಗ, ತುಮಕೂರು, ಧಾರವಾಡ, ರಾಯಚೂರು, ಮಂಗಳೂರು ಎಂಬ ವಲಯಗಳು ಇರುವುದು ಜಿಲ್ಲೆಗಳ ಹುಡುಗರು ಆ ದಾರಿಯಲ್ಲಿ ಮೇಲೇರಲೆಂದೇ. ತೊಗಲಿನ ಚೆಂಡು ಗಟ್ಟಿಯಾದದ್ದು, ಸುಮಾರು 160 ಗ್ರಾಂ ತೂಗುವಂಥದು. ಪ್ಯಾಡು, ಕೈಗವುಸು, ಶಿರಸ್ತ್ರಾಣ ಇಲ್ಲದೆ ಮಕ್ಕಳನ್ನು ಅದರ ಮುಂದೆ ನಿಲ್ಲಿಸಕೂಡದು. ಪ್ರತಿ ಮನೆಯೂ ಇದನ್ನು ಕೊಳ್ಳಲಾರದು. ಸಂಘವೆಂಬುದು ಬೇಕಾಗುವುದು ಇದಕ್ಕಾಗಿ. ಒಂದು ಸಿಮೆಂಟಿನ ಪಟ್ಟಿ, ಅದರ ಮೇಲೆ ಒಂದು ಚಾಪೆ, ಒಂದು ಬಲೆ, ಇಬ್ಬರಿಗೆ ಸಾಲುವ ಒಂದು ಕಿಟ್ಟು: ಇಷ್ಟಿದ್ದರೆ ಹದಿನೆಂಟು ಮಕ್ಕಳು ಸರದಿಯಂತೆ ಕಲಿಯಬಹುದು. ಒಬ್ಬನಿಂದಾಗದ್ದು ಹದಿನೆಂಟು ಜನರ ಚಂದಾದಿಂದ ಆಗುತ್ತದೆ. ಆ ಚಂದಾದ ಲೆಕ್ಕ ಎಲ್ಲರ ಕಣ್ಣಿಗೆ ಬೀಳುವಂತೆ ಬರೆದಿಟ್ಟರೆ ಸಂಘದ ಮೇಲಿನ ನಂಬಿಕೆ ಬೆಳೆಯುತ್ತದೆ. ಲೆಕ್ಕ ಮುಚ್ಚಿಟ್ಟರೆ ಸಂಘ ಒಡೆಯುತ್ತದೆ.

ಹೆಣ್ಣುಮಕ್ಕಳ ವಿಷಯವನ್ನೂ ಹೇಳಲೇಬೇಕು. ಭಾರತದ ಮಹಿಳೆಯರು ಮೊದಲ ಟೆಸ್ಟ್ ಪಂದ್ಯ ಆಡಿದ್ದು 1976ರಲ್ಲಿ, ನಮ್ಮ ಬೆಂಗಳೂರಿನಲ್ಲಿ. ಆ ತಂಡದ ನಾಯಕಿ ನಮ್ಮವರೇ ಆದ ಶಾಂತಾ ರಂಗಸ್ವಾಮಿ. 2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ಭಾರತದ ಮಹಿಳೆಯರು ದಕ್ಷಿಣ ಆಫ್ರಿಕವನ್ನು ಸೋಲಿಸಿ ವಿಶ್ವಕಪ್ ಗೆದ್ದಾಗ, ನಮ್ಮ ಶಾಲೆಯ ಏಳೆಂಟು ಬಾಲಕಿಯರು ಮರುದಿನ ಬಂದು, "ಫಾದರ್, ನಾವೂ ಇಲ್ಲಿ ಆಡಬಹುದೆ?" ಎಂದು ಕೇಳಿದರು. ಕೇಳಿ ಒಪ್ಪಿಗೆ ಪಡೆಯಬೇಕಾದ ಸ್ಥಿತಿ ಅವರಿಗೆ ಇದ್ದಿತಲ್ಲ ಎಂದು ನನಗೆ ನಾಚಿಕೆಯಾಯಿತು. ಈಗ ಬುಧವಾರ ಸಂಜೆಯ ಮೈದಾನ ಅವರದು. ಬೇರೆ ಯಾರೂ ಆ ಹೊತ್ತನ್ನು ಅವರಿಂದ ಕಸಿಯಬಾರದು.

ಆಟವನ್ನು ನೋಡುವುದಕ್ಕೂ ಆಡುವುದಕ್ಕೂ ಇರುವ ಅಂತರವನ್ನು ಕುರಿತು ಒಂದು ಮಾತು. ನಾನು ಗುರುಮಠದ ವಿದ್ಯಾರ್ಥಿಯಾಗಿದ್ದಾಗ, 1983ರ ಜೂನ್ 25ರ ರಾತ್ರಿ ಭಾರತ ವಿಶ್ವಕಪ್ ಗೆದ್ದ ಸುದ್ದಿಯನ್ನು ಒಂದು ಸಣ್ಣ ರೇಡಿಯೋ ಸುತ್ತ ಕುಳಿತು ಕೇಳಿದೆವು. ಆ ಸರಣಿಯಲ್ಲಿ ಎಲ್ಲರಿಗಿಂತ ಹೆಚ್ಚು, 18 ಹುದ್ದರಿಗಳನ್ನು ಪಡೆದವರು ಬೆಂಗಳೂರಿನ ರೋಜರ್ ಬಿನ್ನಿ. ಗೂಟದ ಹಿಂದೆ ನಿಂತವರು ಸಯ್ಯದ್ ಕಿರ್ಮಾನಿ. ಮರುದಿನ ಸಂಜೆ ನಾವು ಮಾಡಿದ ಮೊದಲ ಕೆಲಸ ಆಡಲು ಹೋದದ್ದು. ಕೇಳಿದ ಸಂತೋಷ ಕಾಲಿಗೆ ಇಳಿಯಿತು. ಇಂದು ಕೈಯಲ್ಲಿರುವ ಫೋನಿನಲ್ಲಿ ಜಗತ್ತಿನ ಎಲ್ಲ ಪಂದ್ಯಗಳೂ ಬರುತ್ತವೆ. ಆದರೆ ಸಂತೋಷ ಕಣ್ಣಿನಲ್ಲೇ ಉಳಿದುಬಿಡುತ್ತದೆ. 2025ರ ಜೂನ್ 4ರಂದು ಬೆಂಗಳೂರಿನ ಕ್ರೀಡಾಂಗಣದ ಹೊರಗೆ, ತಮ್ಮ ಮೆಚ್ಚಿನ ತಂಡದ ಗೆಲುವನ್ನು ಕೊಂಡಾಡಲು ನೆರೆದ ಜನಸಂದಣಿಯಲ್ಲಿ ಸಿಲುಕಿ 11 ಜನ ಪ್ರಾಣ ಕಳೆದುಕೊಂಡರು. ಅವರ ಆತ್ಮಗಳಿಗೆ ಶಾಂತಿ ಕೋರಿ ನಾವು ಇಲ್ಲಿ ಪೂಜೆ ಅರ್ಪಿಸಿದ್ದೇವೆ. ಆ ಜನರಲ್ಲಿ ದೋಷ ಹುಡುಕುವುದು ಪಾಪ. ಅವರಲ್ಲಿ ಇದ್ದದ್ದು ಆಟದ ಮೇಲಿನ ಪ್ರೀತಿ. ನನ್ನ ಮನಸ್ಸಿಗೆ ಬರುವುದಿಷ್ಟೇ: ಆ ಪ್ರೀತಿ ಒಂದೇ ಬಾಗಿಲಿನ ಮುಂದೆ ನೂಕುನುಗ್ಗಲಾಗದೆ, ಊರೂರಿನ ಸಣ್ಣ ಅಂಗಳಗಳಲ್ಲಿ ಹರಡಿಕೊಳ್ಳುವಂತಾಗಬೇಕು. ಅದಕ್ಕೆ ಆ ಅಂಗಳಗಳು ಉಳಿದಿರಬೇಕು.

"ದೇವಾಲಯಕ್ಕೂ ಕ್ರಿಕೆಟಿಗೂ ಏನು ಸಂಬಂಧ?" ಎಂದು ಕೆಲವರು ಕೇಳುತ್ತಾರೆ. ಓಟದ ಕಣದಲ್ಲಿ ಓಡುವವನ ಸಂಯಮವನ್ನು ಸಂತ ಪೌಲನು ಕೊರಿಂಥದವರಿಗೆ ಹೋಲಿಕೆಯಾಗಿ ಹೇಳಿದ್ದಾನೆಂಬುದು ನಿಮಗೆ ಗೊತ್ತಿದೆ. ರೋಮಿನಲ್ಲಿಯೇ 2013ರಲ್ಲಿ ವ್ಯಾಟಿಕನ್ನಿನ ಕ್ರಿಕೆಟ್ ಸಂಘ ಹುಟ್ಟಿತು. ಅಲ್ಲಿ ಓದುತ್ತಿರುವ ಗುರುಮಠದ ವಿದ್ಯಾರ್ಥಿಗಳೂ ಗುರುಗಳೂ, ಅವರಲ್ಲಿ ಭಾರತದವರೇ ಅನೇಕರು, ಪಾಠ ಪ್ರಾರ್ಥನೆಗಳ ನಡುವೆ ಬಿಡುವು ಮಾಡಿಕೊಂಡು ಅಭ್ಯಾಸ ಮಾಡಿ, 2014ರಲ್ಲಿ ಇಂಗ್ಲೆಂಡಿನ ಕ್ಯಾಂಟರ್ಬರಿಗೆ ಹೋಗಿ ಆಂಗ್ಲಿಕನ್ ಸಭೆಯ ತಂಡದೊಡನೆ ಆಡಿದರು. ಸೋತರು. ಆದರೆ ಶತಮಾನಗಳ ಹಿಂದೆ ಬೇರ್ಪಟ್ಟ ಎರಡು ಸಭೆಗಳವರು ಒಂದೇ ಅಂಗಳದಲ್ಲಿ ಆಡಿ ಕೈ ಕುಲುಕಿದರು. ನಮ್ಮ ಊರಿನ ತಂಡದಲ್ಲಿಯೂ ಮೊದಲಿನಿಂದ ಎಲ್ಲ ಬೀದಿಗಳ, ಎಲ್ಲ ಮತಗಳ ಹುಡುಗರಿದ್ದಾರೆ. ಚೆಂಡನ್ನು ಹಿಡಿಯುವವನ ಜಾತಿಯನ್ನು ಇಲ್ಲಿ ಯಾರೂ ಕೇಳಿಲ್ಲ, ಮುಂದೆಯೂ ಕೇಳಬಾರದು.

ಈಗ ನಿರ್ಣಯದ ಮಾತು. ಕಳೆದ ತಿಂಗಳು ಪಾಲನಾ ಪರಿಷತ್ತು ಸೇರಿದಾಗ ನನ್ನ ಸಲಹೆಯನ್ನು ನಾನೇ ಹಿಂದಕ್ಕೆ ಪಡೆದೆ. ಸಮುದಾಯ ಭವನವನ್ನು ರಸ್ತೆಯ ಪಕ್ಕದ ಹಳೆಯ ಉಗ್ರಾಣವಿದ್ದ ಸ್ಥಳದಲ್ಲಿ, ಈಗ ಯೋಚಿಸಿದ್ದಕ್ಕಿಂತ ಚಿಕ್ಕದಾಗಿ ಕಟ್ಟುವುದೆಂದು ತೀರ್ಮಾನವಾಗಿದೆ. ಮಳಿಗೆಗಳ ವಿಚಾರ ಕೈಬಿಡಲಾಗಿದೆ. ಇದರಿಂದ ಧರ್ಮಕೇಂದ್ರಕ್ಕೆ ನಷ್ಟವಿದೆ. ಆ ನಷ್ಟವನ್ನು ತಿಳಿದೇ ಹಿರಿಯರು ಒಪ್ಪಿದ್ದಾರೆ. ಮೈದಾನ ಉಳಿಯುತ್ತದೆ. ಆದರೆ ಅವರು ಒಂದು ಷರತ್ತನ್ನೂ ಹಾಕಿದ್ದಾರೆ, ಅದು ನ್ಯಾಯವಾದದ್ದು. ಒಂದು ವರ್ಷದ ಕಾಲ ಸಂಘದವರು ಹಾಜರಿ ಪುಸ್ತಕವೊಂದನ್ನು ಇಡಬೇಕು. ವರ್ಷದ ಕೊನೆಗೆ ಆ ಪುಸ್ತಕವನ್ನು ಪರಿಷತ್ತು ನೋಡುತ್ತದೆ. ಮೈದಾನದ ಭವಿಷ್ಯವನ್ನು ಇನ್ನು ಬರೆಯುವವರು ನೀವು, ನಾನಲ್ಲ.

ಆದುದರಿಂದ ಆಟಗಾರರಲ್ಲಿ ನನ್ನ ಕೋರಿಕೆ ಮೂರು. ಬರುವೆನೆಂದರೆ ಬನ್ನಿ, ಬರಲಾಗದಿದ್ದರೆ ಗುರುವಾರ ಸಂಜೆಯೊಳಗೆ ತಿಳಿಸಿ. ಆಟಕ್ಕೆ ಅರ್ಧ ಗಂಟೆ ಮೊದಲು ಬಂದು ಚಾಪೆ ಹಾಸಿ, ಆಟ ಮುಗಿದ ಮೇಲೆ ಅರ್ಧ ಗಂಟೆ ನಿಂತು ಅದನ್ನು ಸುತ್ತಿಡಿ. ಆ ಕೆಲಸ ಕಿರಿಯರದೆಂದು ಹಿರಿಯ ಆಟಗಾರರು ತಿಳಿಯಬೇಡಿ. ನಿಮಗೆ ಬರುವುದನ್ನು ಒಬ್ಬ ಚಿಕ್ಕವನಿಗಾದರೂ ಕಲಿಸಿ.

ನಾಯಕರಲ್ಲಿ ಒಂದು ಕೋರಿಕೆ. ಅಭ್ಯಾಸಕ್ಕೆ ಬಂದವನಿಗೆ ಪಂದ್ಯದಲ್ಲಿ ಮೊದಲ ಹಕ್ಕು. ಅದರಿಂದ ಒಂದೆರಡು ಪಂದ್ಯ ಸೋತರೆ ಸೋಲಲಿ. ಗೆದ್ದ ಪಂದ್ಯ ಒಂದು ವಾರದ ಮಾತು. ಉಳಿದ ಆಟಗಾರ ಹದಿನೈದು ವರ್ಷದ ಮಾತು.

ಹಿರಿಯರಲ್ಲಿ ಒಂದು ಕೋರಿಕೆ. ಆಡಲು ವಯಸ್ಸು ಮೀರಿದವರಿಗೂ ಇಲ್ಲಿ ಕೆಲಸವಿದೆ. ಸ್ಕೋರು ಬರೆಯುವವರು ಬೇಕು, ಅಂಪೈರ್ ಆಗಿ ನಿಲ್ಲುವವರು ಬೇಕು, ಮಳೆಗಾಲದ ನಂತರ ಹುಲ್ಲು ಕೊಯ್ಯಿಸುವವರು ಬೇಕು. ನಿಮ್ಮ ಮಗ ಆಡುವ ದಿನ ಹತ್ತು ನಿಮಿಷವಾದರೂ ಬೇಲಿಯ ಬಳಿ ಬಂದು ನಿಲ್ಲಿ. ತಂದೆ ನೋಡುತ್ತಿದ್ದಾನೆಂದು ತಿಳಿದ ಹುಡುಗ ಚೆಂಡಿನ ಹಿಂದೆ ಇನ್ನೆರಡು ಹೆಜ್ಜೆ ಹೆಚ್ಚು ಓಡುತ್ತಾನೆ.

ತಾಯಂದಿರಲ್ಲಿ ನನ್ನ ಪ್ರಾರ್ಥನೆ: ಪಂದ್ಯದ ದಿನ ಊಟವನ್ನು ಸ್ವಲ್ಪ ಬೇಗ ಬಡಿಸಿ. ಇಷ್ಟು ಮಾಡಿದರೆ ತಂಡದ ಅರ್ಧ ತೊಂದರೆ ತೀರುತ್ತದೆಂದು ನಾಯಕ ನನಗೆ ಹೇಳಿದ್ದಾನೆ.

ಅಭ್ಯಾಸಕ್ಕೆ ಒಂದು ವರ್ಷ ತಪ್ಪದೆ ಬಂದು, ಆಮೇಲೆ ಬಾರದೆ ಹೋದ ಆ ಹುಡುಗನ ವಿಷಯ ಹೇಳಿದೆನಲ್ಲ. ಕಳೆದ ವಾರ ನಾನು ಅವನ ಮನೆಗೆ ಹೋಗಿದ್ದೆ. ಈಗ ಅವನಿಗೆ ಇಪ್ಪತ್ತು ವರ್ಷ, ಗ್ಯಾರೇಜಿನಲ್ಲಿ ಕೆಲಸಕ್ಕಿದ್ದಾನೆ. "ಸಂಘದ ಪರವಾಗಿ ಕ್ಷಮೆ ಕೇಳಲು ಬಂದೆ" ಎಂದೆ. ಅವನು ನಕ್ಕು ಸುಮ್ಮನಾದ. ಆಡಲು ಬರುತ್ತೇನೆಂದು ಅವನು ಹೇಳಲಿಲ್ಲ, ನಾನೂ ಒತ್ತಾಯಿಸಲಿಲ್ಲ. ಆದರೆ ಇಂದು ಬೆಳಗ್ಗೆ ನಾನು ಪೂಜೆಗೆ ಮೊದಲು ಕಿಟಕಿಯಿಂದ ನೋಡಿದಾಗ, ಯಾರೋ ಒಬ್ಬ ಒಂಟಿಯಾಗಿ ಪಿಚ್ಚಿನ ಮೇಲೆ ರೋಲರು ಎಳೆಯುತ್ತಿದ್ದ. ಅವನು ಈಗ ಸಭೆಯ ಹಿಂದಿನ ಸಾಲಿನಲ್ಲಿ ಕುಳಿತಿರಬಹುದು. ಹೆಸರು ಹೇಳಿ ಅವನಿಗೆ ಸಂಕೋಚ ಉಂಟುಮಾಡಲಾರೆ. ಆದರೆ ಮುಂದಿನ ಭಾನುವಾರ ಆ ರೋಲರನ್ನು ಅವನೊಬ್ಬನೇ ಎಳೆಯುವಂತಾಗಬಾರದು.

ನೂರು ವರ್ಷಗಳ ಹಿಂದೆ ಈ ದೇವಾಲಯವನ್ನು ಕಟ್ಟಿದವರು ತಮ್ಮ ಮೊಮ್ಮಕ್ಕಳಿಗಾಗಿ ಕಲ್ಲು ಹೊತ್ತರು. ಅವರು ಹಿಂದೆ ಇಷ್ಟು ಜಾಗವನ್ನು ಖಾಲಿ ಬಿಟ್ಟದ್ದೂ ಆ ಮೊಮ್ಮಕ್ಕಳಿಗಾಗಿಯೇ ಇರಬೇಕು. ಅದನ್ನು ನಮ್ಮ ಮೊಮ್ಮಕ್ಕಳಿಗೆ ಹಾಗೆಯೇ ಒಪ್ಪಿಸಿ ಹೋಗುವ ಮನಸ್ಸನ್ನೂ ಶಕ್ತಿಯನ್ನೂ ದೇವರು ನಮಗೆ ದಯಪಾಲಿಸಲಿ.